ಚನ್ನಿಗನ ಕೆರೆ ಕೋಡಿ ಬಿದ್ದ ಭಾನುವಾರ

ಸಿಟ್ಟಿನಲ್ಲಿ ಆಣೆ ಹಾಕುವುದೂ ಒಂದು ವಿದ್ಯೆ. ನಾಳೆ ನಾಡಿದ್ದು ಆಗಿಬಿಡುವಂಥ ಸಂಗತಿಯನ್ನು ಹಿಡಿದು ಆಣೆ ಹಾಕಿದರೆ ಮಾತೂ ಹೋಗುತ್ತದೆ, ಮಾನವೂ ಹೋಗುತ್ತದೆ. ಆದ್ದರಿಂದ ಬಲ್ಲವರು ಈ ಜನ್ಮದಲ್ಲಿ ಆಗದ್ದನ್ನೇ ಹುಡುಕಿ ಹಿಡಿಯುತ್ತಾರೆ. ಬೇಗೂರಿಗೆ ಮದುವೆಯಾಗಿ ಹೋಗಿದ್ದ ಅಂಜಿನಮ್ಮನವರು ತವರುಮನೆಯ ಹೊಸಿಲ ಮೇಲೆ ನಿಂತು, ಊರೆಲ್ಲ ಕೇಳುವಂತೆ ಹಾಕಿದ ಆಣೆ ಅಂಥ ಭದ್ರವಾದ ಆಣೆ.

"ಚನ್ನಿಗನ ಕೆರೆ ಕೋಡಿ ಬೀಳೋಗಂಟ ನಿನ್ನ ಮನೆ ಹೊಸಿಲು ತುಳಿಯಾಕಿಲ್ಲ ಕಣೋ ಪಿಳ್ಳಾ!"

ಪಿಳ್ಳ ಎಂದರೆ ಅವರ ತಮ್ಮ ಪಿಳ್ಳಪ್ಪನವರು. ವೈಟ್‌ಫೀಲ್ಡಿನ ಹತ್ತಿರ, ಹೂಡಿಯಿಂದಾಚೆ ಚನ್ನಿಗನಪಾಳ್ಯದ ಹಳೇ ರೈತ ಮನೆತನ. ಈಗ ಅಲ್ಲಿ ರಾಗಿಯ ಬದಲು ಬಾಡಿಗೆ ಬೆಳೆಯುತ್ತಾರೆ. ಇನ್ನು ಆ ಕೆರೆ ಕೋಡಿ ಬೀಳುವ ಮಾತು. ಕೆರೆ ತುಂಬಿ, ನೀರು ಕೋಡಿಕಲ್ಲು ದಾಟಿ ಹರಿದಿದ್ದನ್ನು ಕಂಡವರು ಊರಲ್ಲಿ ಕೆಲವರಿದ್ದರು, ಆದರೆ ಅವರಿಗೆ ಈಗ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಕೆರೆಗೆ ನೀರು ತರುತ್ತಿದ್ದ ಒಂದು ಕಾಲುವೆಯ ಮೇಲೆ ಟೆಕ್ ಪಾರ್ಕಿನ ಕ್ಯಾಂಟೀನು ಕೂತಿತ್ತು. ಇನ್ನೊಂದರ ಮೇಲೆ ರಸ್ತೆ. ಮೂರನೆಯದರ ಮೇಲೆ ಯಾರು ಕಟ್ಟಿಕೊಂಡಿದ್ದಾರೆ ಎಂದು ಕೇಳಿದರೆ ಪಿಳ್ಳಪ್ಪನವರು, "ಅದೇನೋಪ್ಪ, ಹಳೇ ಮಾತು" ಎಂದು ತಮ್ಮ ನಾಲ್ಕಂತಸ್ತಿನ ಬಾಡಿಗೆ ಮನೆಯ ಒಳಕ್ಕೆ ಹೋಗಿಬಿಡುತ್ತಿದ್ದರು.

ಆಣೆಗೆ ಕಾರಣ ಆಸ್ತಿಯಲ್ಲ, ಮಾಟವಲ್ಲ, ಮಟನ್ನು. ಪಿಳ್ಳಪ್ಪನವರ ಮಗಳ ಮದುವೆಯಾದ ಮೇಲೆ ಬೀಗರೂಟ ನಡೆಯಿತು. ಅಂಜಿನಮ್ಮನವರು ಮನೆಯ ಹಿರೀಮಗಳು. ಬಂದವರನ್ನು ಕೂರಿಸಿ ಬಡಿಸಿ, ತಾವು ಕೊನೇ ಪಂಕ್ತಿಗೆ ಕೂತರು. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಅಂಜಿನಮ್ಮನವರು ಸಾರಿನಲ್ಲಿ ಬೆರಳಾಡಿಸಿದರು. ಒಂದು ಆಲೂಗಡ್ಡೆ ಸಿಕ್ಕಿತು.

"ಪಿಳ್ಳಾ, ಪೀಸೆಲ್ಲೋ?"

"ಪೀಸು ಮುಗ್ದೋಯ್ತಕ್ಕಾ. ಸಾರು ಸಕ್ಕತ್ತಾಗೈತೆ, ಉಣ್ಣು," ಎಂದುಬಿಟ್ಟರು ಪಿಳ್ಳಪ್ಪನವರು. ಬೀಗರ ಕಡೆಯ ಡ್ರೈವರು ಎದುರಿನ ಎಲೆಯಲ್ಲಿ ನಲ್ಲಿಮೂಳೆ ಕುಟ್ಟಿ ಕುಟ್ಟಿ ಚೀಪುತ್ತಿದ್ದ ಸದ್ದು ಆ ಹೊತ್ತಿಗೇ ಕೇಳಿಸಬೇಕೆ! ಅಂಜಿನಮ್ಮನವರು ಎಲೆ ಮಡಿಚಿ ಎದ್ದರು. ಆಣೆ ಹಾಕಿದರು. ಹೋದರು.

ಅಂದಿನಿಂದ ಯುಗಾದಿಗೂ ಇಲ್ಲ, ಗೌರಿ ಹಬ್ಬಕ್ಕೂ ಇಲ್ಲ. ಪಿಳ್ಳಪ್ಪನವರು ಬೇಗೂರಿಗೆ ಹೋದರೆ ಅಕ್ಕ ಕಾಫಿ ಕೊಡುತ್ತಿದ್ದರು, ಊಟಕ್ಕೆ ಕೂರಿಸುತ್ತಿದ್ದರು, ಎಲೆ ತುಂಬ ಪೀಸು ಸುರಿದು, "ತಿನ್ನಪ್ಪ, ನಮ್ಮನೇಲಿ ಐತೆ" ಎನ್ನುತ್ತಿದ್ದರು. ಪಿಳ್ಳಪ್ಪನವರಿಗೆ ಆ ಪೀಸು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಂತಿರಲು ಈ ವರ್ಷ ಮಳೆ ವಿಪರೀತವಾಯಿತು. ದಸರಾ ರಜೆಯ ಹೊತ್ತಿಗೆ ಕೆರೆ ಕೋಡಿಕಲ್ಲಿಗೆ ಒಂದು ಬೆರಳು ಕಮ್ಮಿ ಎನ್ನುವಷ್ಟು ತುಂಬಿ, ಅಲ್ಲಿಗೆ ಬಂದು ನಿಂತಿತು. ಒಂದು ಬೆಳಿಗ್ಗೆ ಪಿಳ್ಳಪ್ಪನವರು ಬೇವಿನಕಡ್ಡಿ ಕಚ್ಚಿಕೊಂಡು ಏರಿಯ ಮೇಲೆ ನಡೆಯುತ್ತಾರೆ: ಕೋಡಿಕಲ್ಲಿನ ಮೇಲೆ ನೀರು! ಜುಳುಜುಳು! ಬೇವಿನಕಡ್ಡಿ ಬಾಯಿಂದ ಬಿತ್ತು. ಪಂಚೆ ಎತ್ತಿ ಕಟ್ಟಿ ಮನೆಗೆ ಓಡಿದರು.

"ಕಮಲೀ! ಬಿತ್ತು! ಬಿತ್ತು ಕಣೇ!"

ಹೆಂಡತಿ ಕಮಲಮ್ಮ ಒಲೆಯ ಮುಂದಿನಿಂದಲೇ, "ಯಾರು? ಎಲ್ಲಿ? ಏಟಾಯ್ತಾ?" ಎಂದರು.

ಚನ್ನಿಗನಪಾಳ್ಯದ ಪದ್ಧತಿಯೆಂದರೆ, ಕೆರೆ ಕೋಡಿ ಬಿದ್ದರೆ ಹೊರಗೆ ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಕರೆಸಬೇಕು. ಮನೆಯ ಹಿರೀಮಗಳು ಹರಿಯುವ ನೀರಿನಲ್ಲಿ ನಿಂತು ಗಂಗಮ್ಮನಿಗೆ ಬಾಗಿನ ಬಿಡಬೇಕು. ಆಮೇಲೆ ಮನೆಗೆ ಕರೆದು ಮಡಿಲು ತುಂಬಿ, ಬಾಡೂಟ ಹಾಕಬೇಕು. ಪಿಳ್ಳಪ್ಪನವರು ವಿಡಿಯೋ ತೆಗೆದು ನೆಂಟರಿಗೆಲ್ಲ ಕಳಿಸಿದರು: "ಭಾನುವಾರ ಕೆರೆ ಹತ್ರ ಎಲ್ರೂ ಬರ್ಬೇಕು. ಮಕ್ಳಿಗೆ ರಜ ಐತೆ, ನಮ್ಮ ಬಿಲ್ಡಿಂಗಾಗೆ ಖಾಲಿ ರೂಮವೆ, ಇಲ್ಲೇ ಇದ್ದು ಹೋಗ್ರಿ." ಆಮೇಲೆ ಬೇಗೂರಿಗೆ ಫೋನು ಮಾಡಿದರು.

ಆ ಕಡೆ ಮೊದಲು ಕುಕ್ಕರು ಕೂಗಿತು, ಆಮೇಲೆ ಅಕ್ಕ.

"ನಿಜವಾಗ್ಲೂ ಬಿತ್ತೇನೋ?"

"ನಿನ್ನಾಣೆಗೂ ಅಕ್ಕಾ. ವಿಡಿಯೋ ಕಳ್ಸಿದ್ನಲ್ಲ!"

"ವಿಡಿಯೋದಾಗೆ ಸತ್ತೋರೂ ಕುಣೀತಾರೆ ಈಗ. ನಾನು ಬಂದು ಕಣ್ಣಾರೆ ನೋಡ್ಬೇಕು. ಹರಿಯೋ ನೀರಾಗೆ ಕಾಲಿಡಬೇಕು. ಹರೀತಿದ್ರೆ ನಿನ್ನ ಮನೆಗೆ ಬತ್ತೀನಿ. ಇಲ್ಲಾಂದ್ರೆ ಬಂದ ಆಟೋದಾಗೇ ವಾಪಸ್ಸು. ಆಮೇಲೆ ನೀನೂ ಇಲ್ಲಿಗೆ ಬರ್ಬೇಡ."

ಮರುದಿನ ಬೆಳಿಗ್ಗೆ ಪಿಳ್ಳಪ್ಪನವರು ಏರಿಗೆ ಹೋಗಿ ನೋಡಿದರೆ ಕೋಡಿಕಲ್ಲು ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೊಂದು ನಾಯಿ ಬಿಸಿಲು ಕಾಯಿಸುತ್ತಿತ್ತು.

"ಹಚಾ!" ಎಂದರು, ನಾಯಿಯೇ ನೀರು ಕುಡಿದು ಮುಗಿಸಿದೆ ಎನ್ನುವಂತೆ.

ಅವರ ಬಾಡಿಗೆ ರೂಮಿನಲ್ಲಿದ್ದ ಕೊಪ್ಪಳದ ಹನುಮೇಶ ಆ ಹೊತ್ತಿಗೆ ಅದೇ ದಾರಿಯಲ್ಲಿ ಬಂದ. ಎರಡು ಟ್ಯಾಂಕರ್ ಇಟ್ಟುಕೊಂಡು ನೀರು ಸಾಗಿಸುವುದು ಅವನ ಕೆಲಸ. ಕೋಡಿಯನ್ನೂ ಮಾಲೀಕರ ಮುಖವನ್ನೂ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

"ಮಾಲಕ್ರ, ನಿನ್ನೆ ಹರದಿದ್ದು ಕೆರಿ ನೀರಲ್ರೀ. ಏರಿ ಆಚಿ ಆ ಅಪಾರ್ಟ್‌ಮೆಂಟಿನವ್ರು ಈಜೂ ಕೊಳ ತೊಳ್ಯಾಕಂತ ಎಲ್ಲಾ ನೀರು ಖಾಲಿ ಮಾಡಿದ್ರು. ಅವ್ರ ಗಟಾರ ಕೋಡಿ ಬಾಜೂಕ ಬಂದು ಬೀಳತೈತಿ ನೋಡ್ರಿ."

ಪಿಳ್ಳಪ್ಪನವರು ಏರಿಯ ಮೇಲೆ ಕುಕ್ಕರಿಸಿದರು. ಇಡೀ ಕುಲವನ್ನು ಕರೆದಾಗಿದೆ. ಕುರಿ ಹೇಳಿಯಾಗಿದೆ. ಅಕ್ಕ ಹೊಸ ಸೀರೆಗೆ ಫಾಲ್ ಹೊಲಿಯಲು ಕೊಟ್ಟಿದ್ದಾರೆಂದು ಬೇಗೂರಿನಿಂದ ಸುದ್ದಿಯೂ ಬಂದಿದೆ. ತಲೆಯೆತ್ತಿ ಹನುಮೇಶನನ್ನು ನೋಡಿದರು. ಹನುಮೇಶನ ಹಿಂದೆ ನಿಂತ ಟ್ಯಾಂಕರನ್ನು ನೋಡಿದರು.

"ಬ್ಯಾಡ್ರಿ," ಎಂದ ಹನುಮೇಶ, ಕೇಳುವ ಮುಂಚೆಯೇ. "ಕೆರಿಗೆ ಟ್ಯಾಂಕರ್ ನೀರಂದ್ರ ಆನಿ ಹೊಟ್ಟಿಗೆ ಅರಕಾಸಿನ ಮಜ್ಜಿಗಿ."

"ಇಡೀ ಕೆರೆಗೆ ಯಾರು ಹಾಕು ಅಂದ್ರು? ಕೋಡಿಕಲ್ಲಿನ ಹಿಂದೆ ಮಣ್ಣಿನ ಮೂಟೆ ಇಟ್ಟು ಒಂದು ತೊಟ್ಟಿ ಮಾಡ್ತೀನಿ. ಆ ತೊಟ್ಟಿ ತುಂಬಿದ್ರೆ ಸಾಕು, ಕಲ್ಲಿನ ಮೇಲೆ ಹರಿಯುತ್ತೆ. ಅಕ್ಕ ಬಾಗಿನ ಬಿಡೋ ಹೊತ್ತು ಹರಿದ್ರೆ ಸಾಕು ಗುರು."

"ಭಾನುವಾರ ನನ್ನ ಎರಡು ಗಾಡಿ ನೀರೂ ಬ್ಯಾರೆ ಕಡೆ ಬುಕ್ ಆಗ್ಯಾವ್ರಿ."

"ಅವರಿಗೆ ಸಾಯಂಕಾಲ ಹಾಕು. ಹನುಮೇಶಾ, ನಿಮ್ಮೂರ ದೇವರಾಣೆ, ನನ್ನಕ್ಕನ ವಿಷ್ಯ ಕಣೋ."

ಅಕ್ಕ ಎಂದ ಕೂಡಲೇ ಹನುಮೇಶ ಮೆತ್ತಗಾದ. ಊರಲ್ಲಿ ಅವನಿಗೂ ಒಬ್ಬ ಅಕ್ಕನಿದ್ದಳು. ಅವಳ ಸಿಟ್ಟಿನ ಮುಂದೆ ಲಾರಿಯ ಹಾರನ್ನೂ ಕೇಳಿಸುತ್ತಿರಲಿಲ್ಲ.

ಶನಿವಾರ ಸಂಜೆ ತಾಲೀಮು. ಪಿಳ್ಳಪ್ಪನವರು ಹೊಂಗೆ ಮರಗಳ ಮರೆಯಲ್ಲಿ ಟ್ಯಾಂಕರ್ ನಿಲ್ಲಿಸಿ, ಪೊದೆಯೊಳಗೆ ಪೈಪು ಎಳೆದು, ಸಂಕೇತ ಗೊತ್ತು ಮಾಡಿದರು: ತಾವು "ಗಂಗಮ್ಮ ತಾಯೀ" ಎಂದು ಕೂಗಿದರೆ ಹನುಮೇಶ ವಾಲ್ವು ತಿರುಗಿಸಬೇಕು. ಕೂಗಿದರು, ತಿರುಗಿಸಿದ. ತೊಟ್ಟಿ ತುಂಬಿತು, ನೀರು ಹರಿಯಿತು. ಪಿಳ್ಳಪ್ಪನವರು ಕೈ ಮುಗಿದರು. ಗಂಗಮ್ಮನಿಗೋ ವಾಲ್ವಿಗೋ ತಿಳಿಯದು.

"ಎಕ್ಸ್‌ಕ್ಯೂಸ್ ಮಿ ಅಂಕಲ್!"

ಏರಿಯ ಮೇಲೆ ವಾಕಿಂಗ್ ಶೂ ಹಾಕಿಕೊಂಡು ನಿಂತವರು ಮಂಜುಶ್ರೀ ಮೇಡಂ. ಆ ಈಜುಕೊಳದ ಅಪಾರ್ಟ್‌ಮೆಂಟಿನವರು; ಕೆರೆ ಉಳಿಸುವ ಸಮಿತಿಯ ಕಾರ್ಯದರ್ಶಿ. ಕೆರೆಯ ಬೇಲಿಗೆ ಬೋರ್ಡು ಹಾಕಿಸಿದವರೂ ಅವರೇ: ಈಜಬಾರದು, ಮೀನು ಹಿಡಿಯಬಾರದು, ತಿಂಡಿ ತಿನ್ನಬಾರದು, ಜೋರಾಗಿ ಮಾತಾಡಬಾರದು.

"ಕೆರೆ ನೀರು ಟ್ಯಾಂಕರ್‌ಗೆ ಫಿಲ್ ಮಾಡ್ತಿದೀರಾ? ಇಷ್ಟು ರಾಜಾರೋಷವಾಗಿ?"

"ಅಯ್ಯೋ ಇಲ್ಲ ಮೇಡಂ. ಟ್ಯಾಂಕರ್ ನೀರು ಕೆರೆಗೆ ಹಾಕ್ತಿದೀನಿ."

ಮಂಜುಶ್ರೀ ಮೇಡಂ ನಕ್ಕರು. ಅವರ ಜೊತೆಗಿದ್ದ ನಾಯಿಯೂ ತಲೆ ಓರೆ ಮಾಡಿ ಪಿಳ್ಳಪ್ಪನವರನ್ನು ನೋಡಿತು. "ಅಂಕಲ್, ಸುಳ್ಳು ಹೇಳೋದಾದ್ರೂ ಲಾಜಿಕ್ ಇರ್ಬೇಕು. ವೈಟ್‌ಫೀಲ್ಡಲ್ಲಿ ಯಾರಾದ್ರೂ ಟ್ಯಾಂಕರ್ ನೀರು ತಂದು ಕೆರೆಗೆ ಸುರೀತಾರಾ? ನಾನು ಕಂಪ್ಲೇಂಟ್ ಕೊಡ್ತೀನಿ." ಫೋಟೋ ತೆಗೆದುಕೊಂಡು ಹೋದರು. ಸತ್ಯಕ್ಕೆ ಈ ಭಾಗದಲ್ಲಿ ಬೆಲೆ ಇಲ್ಲವೆಂದು ಪಿಳ್ಳಪ್ಪನವರಿಗೆ ಅಂದೇ ಮನವರಿಕೆಯಾಯಿತು.

ಭಾನುವಾರ ಬಂತು. ನೆಂಟರೂ ಬಂದರು. ಟೆಂಪೋದಲ್ಲಿ, ಕಾರಿನಲ್ಲಿ, ಬೈಕಿನಲ್ಲಿ ಬಂದರು. ಕೆರೆ ಎಂದ ಮೇಲೆ ರಿಸಾರ್ಟೇ ಇರಬೇಕೆಂದು ಮಕ್ಕಳು ಗಾಳಿ ತುಂಬಿದ ರಬ್ಬರ್ ಬಾತುಕೋಳಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿದವು. "ಬೋಟಿಂಗ್ ಎಲ್ಲಿ ಮಾಮ?" ಎಂದು ಕೇಳಿದವು. 'ತಿಂಡಿ ತಿನ್ನಬಾರದು' ಎಂಬ ಬೋರ್ಡಿನ ನೆರಳು ಚೆನ್ನಾಗಿದೆಯೆಂದು ಹೆಂಗಸರು ಅದರ ಕೆಳಗೇ ಜಮಖಾನ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು.

ಎಲ್ಲರಿಗಿಂತ ಹಿರಿಯರಾದ ಹೊಸಕೋಟೆ ಚಿಕ್ಕಪ್ಪ ಕೋಲೂರಿಕೊಂಡು ಕೋಡಿಯ ಹತ್ತಿರ ಬಂದು ಬಗ್ಗಿ ನೋಡಿದರು. "ಎಲ್ಲೋ ನೀರು? ಬೆವರು ಬಂದಂಗೈತೆ."

"ಬತ್ತದೆ ಚಿಕ್ಕಪ್ಪಾ, ಅಕ್ಕ ಬರ್ಲಿ."

"ನೀರಿಗೆ ನಿಮ್ಮಕ್ಕ ಬಂದಿದ್ದು ಎಂಗೆ ಗೊತ್ತಾಯ್ತದೆ? ಮೊದ್ಲು ದೇವ್ರನ್ನ ಕೂಗ್ಬೇಕು. ಎಲ್ರೂ ಕೂಗ್ರಪ್ಪ, ಗಂಗಮ್ಮ ತಾಯೀ!"

"ಬ್ಯಾಡ!" ಎಂದರು ಪಿಳ್ಳಪ್ಪನವರು. ಅಷ್ಟರಲ್ಲಿ ಇಡೀ ಕುಲ ಒಂದೇ ಕೊರಳಿನಲ್ಲಿ, "ಗಂಗಮ್ಮ ತಾಯೀ!" ಎಂದು ಕೂಗಿತು. ಒಬ್ಬರು ಕೂಗಿದರೆ ಅಷ್ಟು ತಿರುಗಿಸಬೇಕಾದರೆ ಇಷ್ಟು ಜನ ಕೂಗಿದರೆ ಎಷ್ಟು ತಿರುಗಿಸಬೇಕು? ಹನುಮೇಶ ನಿಷ್ಠಾವಂತ. ಪೂರ್ತಿ ತಿರುಗಿಸಿದ.

ಕೋಡಿಯಲ್ಲಿ ನೀರು ಭರ್ರೆಂದು ನುಗ್ಗಿತು. ಹೊಸಕೋಟೆ ಚಿಕ್ಕಪ್ಪನ ಎಡಗಾಲಿನ ಚಪ್ಪಲಿ ತೇಲಿಹೋಯಿತು. ಒಂದು ಬಾತುಕೋಳಿ, ಮಗು ಇಲ್ಲದೆ, ಅದರ ಹಿಂದೆ ಹೋಯಿತು. ನೆಂಟರಿಗೆ ಮೈ ಮೇಲೆ ದೇವರು ಬಂದಷ್ಟು ಆವೇಶ. "ಕೂಗಿದ್ರೆ ಬತ್ತಾಳೆ ತಾಯಿ! ಇನ್ನೊಂದ್ಸಲ ಕೂಗ್ರಪ್ಪ!" ಕೂಗಿದರು, ಮತ್ತೆ ಕೂಗಿದರು. ಮೊದಲನೇ ಟ್ಯಾಂಕರು ಗೊರಗೊರ ಎಂದು ಖಾಲಿಯಾಯಿತು. ಭಕ್ತಿ ಅತಿಯಾದರೆ ಏನಾಗುತ್ತದೆಂದು ಪಿಳ್ಳಪ್ಪನವರು ಆವತ್ತು ಕಣ್ಣಾರೆ ಕಂಡರು.

ಆಗಲೇ ಬೇಗೂರಿನ ಆಟೋ ಬಂತು.

ಅಂಜಿನಮ್ಮನವರು ಹೊಸ ಸೀರೆಯಲ್ಲಿ ಇಳಿದರು. ಕೈಯಲ್ಲಿ ಬಾಗಿನದ ಮೊರ. ತಮ್ಮನ ಮುಖ ನೋಡಲಿಲ್ಲ. ನೇರ ಕೋಡಿಯ ಕಡೆ ನಡೆದರು. "ಆಟೋನವ್ನೇ, ಸ್ವಲ್ಪ ನಿಂತ್ಕಳಪ್ಪ. ಕೆಲ್ಸ ಆಗುತ್ತೋ ಇಲ್ವೋ ಗೊತ್ತಿಲ್ಲ."

ಹೊಂಗೆ ಮರಗಳ ಹಿಂದೆ ಹನುಮೇಶ ಎರಡನೇ ಟ್ಯಾಂಕರನ್ನು ತರಾತುರಿಯಲ್ಲಿ ಹಿಂದಕ್ಕೆ ತೆಗೆದ. ಪೈಪು ಸಿಕ್ಕಿಸಿದ. ಪಿಳ್ಳಪ್ಪನವರು, "ಗಂಗಮ್ಮ ತಾಯೀ" ಎಂದರು. ನೀರು ಬಂತು. ಕಲ್ಲಿನ ಮೇಲೆ ತೆಳ್ಳಗೆ, ಅಂದವಾಗಿ, ಫಳಫಳ ಹರಿಯಿತು. ಅಂಜಿನಮ್ಮನವರು ಸೀರೆ ತುಸು ಎತ್ತಿ ಬಲಗಾಲಿಟ್ಟರು. ಎಡಗಾಲಿಟ್ಟರು. ಕಾಲನ್ನೇ ನೋಡುತ್ತ ನಿಂತರು. ಮೊರ ಎತ್ತಿದರು.

"ಯಾರ್ರೀ ಇಲ್ಲಿ ಕೆರೆ ನೀರು ಎತ್ತುತ್ತಿರೋದು?"

ಜೀಪಿನಿಂದ ಇಳಿದವರು ಕೆರೆ ಇಲಾಖೆಯ ಇಂಜಿನಿಯರ್ ಶ್ರೀಧರ್. ಭಾನುವಾರ ಹಾಳಾದ ಸಿಟ್ಟು ಮುಖದ ಮೇಲೆ ಬರೆದಿತ್ತು. ಹಿಂದೆ ಮಂಜುಶ್ರೀ ಮೇಡಂ. ಅವರು ಸೀದಾ ಪೊದೆಗೆ ಹೋಗಿ ಪೈಪನ್ನು ಹಾವು ಹಿಡಿದಂತೆ ಎತ್ತಿ ತೋರಿಸಿದರು.

"ಸಾರ್, ಲುಕ್! ಅಂಕಲ್, ಈ ಪೈಪಲ್ಲಿ ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ? ಅಷ್ಟೇ ಹೇಳಿ."

ಪಿಳ್ಳಪ್ಪನವರಿಗೆ ಜೀವನದಲ್ಲಿ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಷ್ಟು ಕಷ್ಟದ್ದನ್ನೂ ಕೇಳಿರಲಿಲ್ಲ. ಕೆರೆಯಿಂದ ಟ್ಯಾಂಕರಿಗೆ ಎಂದರೆ ಪೊಲೀಸ್ ಸ್ಟೇಷನ್ನು. ಟ್ಯಾಂಕರಿನಿಂದ ಕೆರೆಗೆ ಎಂದರೆ ಅಕ್ಕ ಬೇಗೂರಿಗೆ. ಆಟೋ ಇಂಜಿನ್ನು ಆರಿಸದೆ ಕಾದೇ ಇದೆ. ಒಮ್ಮೆ ಪೈಪು ನೋಡಿದರು, ಒಮ್ಮೆ ಅಕ್ಕನ ಕೈಯ ಮೊರ ನೋಡಿದರು.

"ಕದೀತಿದೀನಿ ಸಾರ್," ಎಂದರು.

ಚಿತ್ರಾನ್ನ ಬಾಯಿಗಿಟ್ಟವರ ಕೈ ಅಲ್ಲೇ ನಿಂತಿತು.

"ನಿನ್ನೆ ಹಾಕ್ತಿದೀನಿ ಅಂದ್ರಿ?" ಎಂದರು ಮಂಜುಶ್ರೀ ಮೇಡಂ.

"ಸುಳ್ಳು ಮೇಡಂ. ಕಳ್ಳನ ಮಾತು ಯಾರಾದ್ರೂ ನಂಬ್ತಾರಾ?"

ಶ್ರೀಧರ್ ಸಾಹೇಬರು ಕಕ್ಕಾಬಿಕ್ಕಿಯಾದರು. ಅವರ ಸರ್ವೀಸಿನಲ್ಲಿ ಯಾರೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡವರನ್ನು ಏನು ಮಾಡಬೇಕೆಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿರಲಿಲ್ಲ. "ಸ್ವಲ್ಪ ಯೋಚ್ನೆ ಮಾಡಿ ಹೇಳಿ ಯಜಮಾನ್ರೇ," ಎಂದರು.

"ಯೋಚ್ನೆ ಮಾಡೇ ಹೇಳ್ತಿದೀನಿ. ಬಹಳ ದಿನದಿಂದ ಕದೀತಿದೀನಿ. ನಮ್ಮಪ್ಪನೂ ಕದೀತಿದ್ದ."

"ಲೋ!" ಎಂದು ಕೋಲೆತ್ತಿದರು ಹೊಸಕೋಟೆ ಚಿಕ್ಕಪ್ಪ. ಕದಿಯುತ್ತಿದ್ದ ಎನ್ನಿಸಿಕೊಂಡವರು ಅವರ ಸ್ವಂತ ಅಣ್ಣ.

"ಹಾಗಾದ್ರೆ ಟ್ಯಾಂಕರ್ ಸೀಜ್ ಮಾಡ್ತೀನಿ. ಡ್ರೈವರ್ ಯಾರು?"

ಇದನ್ನು ಕೇಳಿದ್ದೇ ಹನುಮೇಶ ಮರದ ಹಿಂದಿನಿಂದ ಹಾರಿ ಬಂದ. "ಏ ಮಾಲಕ್ರ, ನಿಮ್ಮಕ್ಕನ ಸಲುವಾಗಿ ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ! ಸಾಹೇಬ್ರ, ಕೆರಿಯಿಂದ ಒಂದು ತಂಬಗಿ ನೀರು ಎತ್ತಿದ್ರ ನನ್ನ ಕೈ ಸೇದಿ ಹೋಗ್ಲಿ. ಕೋಡಿ ಬೀಳಿಸಾಕಂತ ನಾವ ಟ್ಯಾಂಕರ್ ತಂದು ಸುರದೀವ್ರಿ! ಬೇಕಿದ್ರ ಈ ಮೇಡಂ ಅವ್ರ ಈಜೂ ಕೊಳ ನೋಡ್ರಿ, ಖಾಲಿ ಐತಿ. ಈ ನೀರು ಅಲ್ಲಿಗೇ ಹೋಗಬೇಕಾಗಿತ್ತು!"

"ವಾಟ್!" ಎಂದರು ಮಂಜುಶ್ರೀ ಮೇಡಂ. "ಇದು ನಮ್ಮ ಪೂಲ್ ನೀರಾ? ಅಲ್ಲಿ ಮಕ್ಕಳೆಲ್ಲ ಸ್ವಿಮ್ಮಿಂಗ್ ಕನ್ನಡಕ ಹಾಕ್ಕೊಂಡು ಒಣ ಪೂಲ್ ಒಳಗೆ ನಿಂತಿದಾರೆ!"

ಶ್ರೀಧರ್ ಸಾಹೇಬರು ಪಕ್ಕಕ್ಕೆ ಹೋಗಿ ಮೇಲಿನವರಿಗೆ ಫೋನು ಮಾಡಿದರು. "ಸಾರ್, ತೆಗೆಯೋಕೆ ಸೆಕ್ಷನ್ ಇದೆ, ಹಾಕೋಕೆ ಯಾವ್ದೂ ಸಿಗ್ತಿಲ್ಲ... ಹೌದು ಸಾರ್, ಕೆರೆಗೇ... ಇಲ್ಲ ಸಾರ್, ನಾನು ಕುಡಿದಿಲ್ಲ."

ಆದರೆ ಯಾರೂ ಅತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಅಂಜಿನಮ್ಮನವರ ಮೇಲೆ. ಅವರು ನೀರಿನಲ್ಲಿ ಹಾಗೇ ನಿಂತಿದ್ದರು. ಪಿಳ್ಳಪ್ಪನವರು ತಲೆ ಬಗ್ಗಿಸಿದ್ದರು.

ಹೊಸಕೋಟೆ ಚಿಕ್ಕಪ್ಪ ತೀರ್ಪು ಕೊಟ್ಟರು. "ಇದು ಕೋಡಿ ಅಲ್ಲ, ಕೊಳಾಯಿ. ಆಣೆ ಆಣೇನೇ. ನಡಿಯಮ್ಮ ಅಂಜಿನಿ, ಆಟೋ ಕಾಯ್ತೈತೆ."

"ನೀನು ಸುಮ್ಕಿರು ಚಿಕ್ಕಪ್ಪಾ. ನಂಗೆ ಕಾಲಿಟ್ಟಾಗ್ಲೇ ಗೊತ್ತಾಯ್ತು."

"ಎಂಗಕ್ಕಾ?" ಎಂದರು ಪಿಳ್ಳಪ್ಪನವರು, ಸಣ್ಣ ದನಿಯಲ್ಲಿ.

"ಕಾಲುಂಗುರ ಕಾಣಿಸ್ತಾವೆ ಕಣೋ ದಡ್ಡ ಮುಂಡೇದೇ! ಚನ್ನಿಗನ ಕೆರೆ ನೀರಾಗಿದ್ರೆ ಮಂಡಿಗಂಟ ಹಸುರಾಗಿ, ನೊರೆ ಬಂದು, ಇಷ್ಟೊತ್ತಿಗೆ ಕೆರ್ಕೊಳ್ತಾ ಇರ್ತಿದ್ದೆ. ಇಷ್ಟು ಚೊಕ್ಕ ನೀರು ಈ ಕೆರೇಲಿ ಎಲ್ಲಿಂದ ಬರ್ಬೇಕು?" ಆಮೇಲೆ ಇಂಜಿನಿಯರ್ ಕಡೆ ತಿರುಗಿದರು. "ಸಾಯೇಬ್ರೇ, ನನ್ನ ತಮ್ಮನ್ನ ಬಿಟ್ಬಿಡ್ರಿ. ಕದಿಯೋ ಅಷ್ಟು ಬುದ್ಧಿ ಅವನಿಗೆ ನಮ್ಮವ್ವ ಕೊಟ್ಟಿಲ್ಲ."

"ಮತ್ತೆ ಆಣೆ?" ಎಂದರು ಚಿಕ್ಕಪ್ಪ, ಬಿಡದೆ.

"ಆಣೆ ಹಾಕಿದೋಳು ನಾನು. ಕೋಡಿ ಬೀಳ್ಬೇಕು ಅಂದಿದ್ದೆ, ಬಿತ್ತು. ಮೋಡದಿಂದ ಬಂತೋ ಟ್ಯಾಂಕರಿಂದ ಬಂತೋ ಅಂತ ನಾನೇನಾದ್ರೂ ಕರಾರು ಮಾಡಿದ್ನಾ?"

ಕಮಲಮ್ಮ ಜಮಖಾನದ ಮೇಲಿಂದಲೇ, "ಪ್ರತಿ ಮಳೆಗೂ ನನಗೆ ಫೋನ್ ಮಾಡಿ ಕೋಡಿಗೆ ಇನ್ನೆಷ್ಟು ಕಮ್ಮಿ ಅಂತ ಕೇಳ್ತಿದ್ದೋರು ಯಾರೋ!" ಎಂದರು.

"ಕಮಲೀ, ಬಾಯ್ಮುಚ್ಚು ನೀನು!" ಎಂದು ಅಂಜಿನಮ್ಮನವರು ಬಾಗಿನದ ಮೊರವನ್ನು ನೀರಿಗೆ ಬಿಟ್ಟರು. ಅದು ಚಪ್ಪಲಿ, ಬಾತುಕೋಳಿ ಹೋದ ದಾರಿಯಲ್ಲೇ ಗಂಭೀರವಾಗಿ ತೇಲಿಹೋಯಿತು. "ಆಟೋನವ್ನೇ, ಹೊರಡಪ್ಪ. ಇಲ್ಲ, ಇರು. ಊಟ ಮಾಡ್ಕೊಂಡು ಹೋಗು."

ಶ್ರೀಧರ್ ಸಾಹೇಬರಿಗೆ ಮೇಲಿನಿಂದ ಉತ್ತರ ಬಂದಿತ್ತು: ಸೆಕ್ಷನ್ ಇಲ್ಲ, ಸಾಧ್ಯವಾದರೆ ವಾರಕ್ಕೊಮ್ಮೆ ಹಾಕುತ್ತಾರೇನೋ ವಿಚಾರಿಸುವುದು. ಅವರೂ ಊಟಕ್ಕೆ ನಿಂತರು. ಉಳಿದ ನೀರನ್ನು ಹನುಮೇಶ ಅಪಾರ್ಟ್‌ಮೆಂಟಿಗೆ ಒಯ್ದ. ಮಂಜುಶ್ರೀ ಮೇಡಂ ತಾವು ವೆಜ್ ಎಂದರು. ಸಾರಿನ ಘಮ ಬಂದ ಮೇಲೆ, ಭಾನುವಾರವೊಂದು ಬಿಟ್ಟು ಎಂದರು.

ಅಂಜಿನಮ್ಮನವರು ಬಲಗಾಲಿಟ್ಟು ಹೊಸಿಲು ದಾಟಿದರು. ಮೊದಲನೇ ಪಂಕ್ತಿಯ ಮೊದಲನೇ ಎಲೆ ಅವರದು. ಪಿಳ್ಳಪ್ಪನವರು ಯಾರಿಗೂ ಸೌಟು ಕೊಡದೆ ತಾವೇ ಬಡಿಸಿದರು. ಅಕ್ಕನ ಎಲೆಗೆ ಪೀಸಿನ ಮೇಲೆ ಪೀಸು ಬಿದ್ದು, ಕೊನೆಗೆ ಮುದ್ದೆ ಎಲ್ಲಿದೆಯೆಂದು ಅಕ್ಕ ಹುಡುಕಬೇಕಾಯಿತು. ಆಟೋದವನಿಗೆ ಬಡಿಸಿದರು, ಸಾಹೇಬರಿಗೆ ಬಡಿಸಿದರು, ಚಪ್ಪಲಿ ಕಳೆದುಕೊಂಡ ಚಿಕ್ಕಪ್ಪನಿಗೆ ಎರಡೆರಡು ಸಲ ಬಡಿಸಿದರು. ಎಲ್ಲ ಮುಗಿದ ಮೇಲೆ, ಬೆವರು ಒರೆಸಿಕೊಂಡು, ಹನುಮೇಶನ ಜೊತೆ ಕೊನೇ ಪಂಕ್ತಿಗೆ ಕೂತರು.

ಮುದ್ದೆ ಬಿತ್ತು. ಸಾರು ಬಿತ್ತು. ಪಿಳ್ಳಪ್ಪನವರು ಸಾರಿನಲ್ಲಿ ಬೆರಳಾಡಿಸಿದರು. ಈ ಕಡೆ ಆಡಿಸಿದರು, ಆ ಕಡೆ ಆಡಿಸಿದರು. ಒಂದು ಆಲೂಗಡ್ಡೆ ಸಿಕ್ಕಿತು.

"ಕಮಲೀ, ಪೀಸು?"

"ಮುಗ್ದೋಯ್ತು ಕಣ್ರೀ," ಎಂದರು ಕಮಲಮ್ಮ.

"ಸಾರು ಸಕ್ಕತ್ತಾಗೈತೆ, ಉಣ್ಣೋ," ಎಂದರು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಂಜಿನಮ್ಮನವರು, ತಿರುಗಿಯೂ ನೋಡದೆ.

ಪಿಳ್ಳಪ್ಪನವರ ಮುಖ ಕೆಂಪಾಯಿತು. ಎಲೆ ಬಿಟ್ಟು ಅರ್ಧ ಎದ್ದು, ಬಲಗೈಯನ್ನು ಕೆರೆಯ ದಿಕ್ಕಿಗೆ ಚಾಚಿದರು. "ನೋಡು, ಆ ಚನ್ನಿಗನ ಕೆರೆ..."

ಎದುರಿಗೆ ಕೂತ ಹನುಮೇಶ ಬಾಯಲ್ಲಿದ್ದ ಮುದ್ದೆ ನುಂಗದೆಯೇ ಅವರ ಕೈ ಹಿಡಿದು ಕೂರಿಸಿದ.

"ಬ್ಯಾಡ್ರಿ ಮಾಲಕ್ರ! ಟ್ಯಾಂಕರ್ ಖಾಲಿ ಐತಿ."